ಮೊದಲ ಕೊಡುಗೆ

"ಇದು ನಿಮ್ಮದೇ ಅಲ್ವಾ?" ಎಂದು ಅನುದಾನ ಕೊಡುವ ಪ್ರತಿಷ್ಠಾನದ ಅಧಿಕಾರಿ ತಮ್ಮ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದರು.

ಹೌದೆನ್ನಲು ಬಾಯಿ ತೆರೆದವಳು ಹಾಗೆಯೇ ಉಳಿದಳು. ಆಪ್‌ನ ಹೆಸರು ಬೇರೆ, ಬಣ್ಣ ಬೇರೆ. ಆದರೆ ಗುಂಡಿಗಳಿದ್ದ ಜಾಗ, ಪುಟ ಕೆಳಗೆಳೆದರೆ ಬರುವ ಸಣ್ಣ ಕುಲುಕಾಟ, ಎಲ್ಲವೂ ಅವಳ ಮೂರು ವರ್ಷದ ದುಡಿಮೆ.

"ಹೋದ ವಾರ ಈ ಕಂಪನಿಗೆ ಅನುದಾನ ಮಂಜೂರಾಯ್ತು. ನಿಮ್ಮ ಅರ್ಜಿ ನೋಡಿ, ಒಂದೇ ಆಪ್‌ಗೆ ಎರಡು ಸಲ ಕೇಳ್ತಿದ್ದೀರೇನೋ ಅಂದ್ಕೊಂಡೆ."

"ನಾನು ಇವತ್ತೇ ಮೊದಲು ಕೇಳ್ತಿರೋದು, ಮೇಡಂ."

ಅವಳ ಆಪ್ ಓಡುತ್ತಿದ್ದುದು ಯಾವ ಒಬ್ಬ ಧಣಿಯ ಕೈಗೂ ಸಿಗದ ಸಾಮಾಜಿಕ ಜಾಲವೊಂದರಲ್ಲಿ. ಒಂದು ಆಪ್ ಬೇಡವಾದರೆ ಜನ ತಮ್ಮ ಗೆಳೆಯರನ್ನು, ಬರಹಗಳನ್ನು ಹೊತ್ತುಕೊಂಡು ಇನ್ನೊಂದಕ್ಕೆ ಹೋಗಬಹುದು. ಆ ಜಾಲಕ್ಕೆಂದು ಗ್ರಂಥಾಲಯದ ಕೆಲಸ ಬಿಟ್ಟು ಅವಳು ಆಪ್ ಕಟ್ಟಿದ್ದಳು. ಬಳಸುವವರು ಪ್ರೀತಿಯಿಂದ ಕಳಿಸುವ ಚಿಲ್ಲರೆ ದೇಣಿಗೆಯೇ ಆಧಾರ. ಕೋಡ್ ಯಾರಾದರೂ ನೋಡಲಿ, ಯಾರಾದರೂ ಒಯ್ಯಲಿ ಎಂದು ತೆರೆದಿಟ್ಟಿದ್ದಳು. ಬರೆದವರ ಹೆಸರು ಮಾತ್ರ ಅಳಿಸಕೂಡದು.

ಕಂಪನಿಯೂ ತನ್ನ ಕೋಡನ್ನು ಹೊರಗಿಟ್ಟಿತ್ತು. ಅಧಿಕಾರಿಯ ಎದುರೇ ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಳು. ಹೆಸರುಗಳಿದ್ದ ಪುಟ ಮಾಯವಾಗಿತ್ತು. ನಾಲ್ಕನೇ ಕಡತದ ನಡುವೆ ಒಂದು ಟಿಪ್ಪಣಿ ಹಾಗೇ ಕೂತಿತ್ತು: 'ಅಮ್ಮನಿಗೆ ಜ್ವರ ಬಿಟ್ಟಿಲ್ಲ. ಉಳಿದದ್ದು ನಾಳೆ.'

ಆ ಸಾಲನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದಿದ್ದಳು. ಪಕ್ಕದಲ್ಲಿದ್ದವನು 'ಗಡಿಯಾರ' ಎಂಬ ಹುಡುಗ. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾನೆಂದು ಅವಳೇ ಇಟ್ಟ ಹೆಸರದು. ಎರಡು ವರ್ಷ ಜೊತೆಗೆ ಕೋಡ್ ಬರೆದು, ಸುಸ್ತಾಗಿದೆ ಅಕ್ಕಾ ಎಂದು ಹೇಳಿ ಹೋಗಿದ್ದ. ಕಂಪನಿಯ ಪುಟದಲ್ಲಿ ಅವನ ಫೋಟೋ ನಗುತ್ತಿತ್ತು.

ಲ್ಯಾಪ್‌ಟಾಪ್ ಹಿಡಿದೇ ಹಜಾರಕ್ಕೆ ಬಂದು ಅವನಿಗೆ ಫೋನ್ ಮಾಡಿದಳು.

"ಅಕ್ಕಾ..." ಎಂದವನು, "ಯಾರು ಬೇಕಾದ್ರೂ ತಗೋಬಹುದು ಅಂತ ನೀವೇ ಬರೆದಿದ್ರಲ್ಲ?" ಎಂದ.

"ಹೆಸರು ತೆಗೀಬಾರ್ದು ಅಂತಾನೂ ಬರೆದಿದ್ದೆ. ನೀನೇ ಟೈಪ್ ಮಾಡಿದ್ದು ಅದನ್ನ."

ಬೈಯಬೇಕೆಂದುಕೊಂಡಳು. ಆದರೆ ಕಣ್ಣು ಕಂಪನಿಯ ಕೋಡಿನ ಮೇಲೇ ಇತ್ತು. ಒಂದೆಡೆ ತಡೆದು ನಿಂತಿತು.

"ಏಯ್, ನೀವು ಇದನ್ನ ತಗೊಂಡಿದ್ದು ಯಾವಾಗ?"

"ನಾನು ಬಿಟ್ಟಾಗ. ಏಳು ತಿಂಗಳಾಯ್ತು."

"ಹಾಗಾದ್ರೆ ನಾನು ಆಮೇಲೆ ಮುಚ್ಚಿದ ತೂತು ನಿಮ್ಮಲ್ಲಿ ಹಾಗೇ ಇದೆ ಕಣೋ!"

ಅವನು ಹೋದಮೇಲೆ ಒಬ್ಬ ಶಾಲಾ ಟೀಚರ್ ನಡುಗುತ್ತ ಬರೆದಿದ್ದಳು: ಹಿಂದೆ ಬಿದ್ದವನೊಬ್ಬನನ್ನು ತಡೆಪಟ್ಟಿಗೆ ಹಾಕಿದ್ದೇನೆ, ಆದರೂ ನನ್ನ ಊರು ಅವನಿಗೆ ಕಾಣುತ್ತಿದೆ. ಹುಡುಕಿದರೆ, ಯಾರಿಂದ ಅಡಗಿದ್ದರೋ ಅವರಿಗೇ ಊರು ತೋರಿಸುವ ತಪ್ಪು. ತನ್ನ ಆಪಿನಲ್ಲಿ ಅವಳು ಅದನ್ನು ಅಂದೇ ಸರಿಮಾಡಿದ್ದಳು. ಇದಿಷ್ಟನ್ನೂ ಅವನಿಗೆ ಒಂದೇ ಉಸಿರಿಗೆ ಹೇಳಿದಳು.

"ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?"

"ನಲವತ್ತು ಸಾವಿರ," ಎಂದ. ಅವನ ದನಿ ಪಾತಾಳಕ್ಕಿಳಿದಿತ್ತು. "ಅಕ್ಕಾ, ನಂಗೆ ಗೊತ್ತಿರ್ಲಿಲ್ಲ. ಅಮ್ಮನಾಣೆ."

"ಆಣೆ ಆಮೇಲೆ. ತಿದ್ದುಪಡಿ ಕಳಿಸ್ತೀನಿ, ಬಂದ ತಕ್ಷಣ ಸೇರಿಸು."

ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತೇ ಹನ್ನೊಂದು ಸಾಲು ಹೊಂದಿಸಿದಳು. ಅಷ್ಟರಲ್ಲಿ ಅಧಿಕಾರಿ ಹೊರಗೆ ಬಂದರು.

"ದೂರು ಬರೀತಿದ್ದೀರಾ? ಬರೀರಿ, ನಾನು ಮೇಲಕ್ಕೆ ಕಳಿಸ್ತೀನಿ."

"ಅವರ ಆಪ್ ರಿಪೇರಿ ಮಾಡ್ತಿದ್ದೀನಿ, ಮೇಡಂ."

ಅಧಿಕಾರಿ ಬೆಕ್ಕಸಬೆರಗಾಗಿ ನೋಡಿದರು. "ಅವರದ್ದನ್ನಾ? ನೀವಾ?"

"ಅದರೊಳಗಿರೋ ಜನ ಏನು ಮಾಡಿದ್ದಾರೆ, ಪಾಪ. ದೂರು ಆಮೇಲೆ ಬರೀತೀನಿ. ಖಂಡಿತ ಬರೀತೀನಿ."

ಕಳಿಸುವ ಗುಂಡಿ ಒತ್ತಿದಳು. ಅಧಿಕಾರಿ ಒಳಗೆ ಹೋದರು. ಅವಳು ಹಜಾರದ ತುದಿಗೆ ಹೋಗಿ ಲಿಫ್ಟಿನ ಗುಂಡಿ ಒತ್ತಿ ನಿಂತಳು.

ಫೋನ್ ಟಿಣ್ ಎಂದಿತು. ತಿದ್ದುಪಡಿ ಸೇರಿತ್ತು. ಕೆಳಗೆ ಯಂತ್ರ ತಾನಾಗಿಯೇ ಬರೆದ ಸಾಲು: 'ಈ ಆಪ್‌ಗೆ ಇದು ನಿಮ್ಮ ಮೊದಲ ಕೊಡುಗೆ. ಹೊಸಬರಿಗೆ ಸ್ವಾಗತ!'

ಓದಿದಳು. ಮತ್ತೊಮ್ಮೆ ಓದಿದಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಒಳಗಿನ ಕನ್ನಡಿಯಲ್ಲಿ ಅವಳನ್ನೇ ತೋರಿಸುತ್ತ ತುಸು ಕಾದಿತು, ಮತ್ತೆ ಮುಚ್ಚಿಕೊಂಡಿತು.