ಕಾರ್ಖಾನೆಗೂ ಮುಂಚಿನ ಉಪ್ಪು

ಸಾಹೇಬರ ಕೈ ಬೀರುವಿನ ಹಿಡಿಗೆ ತಾಗುವ ಮೊದಲೇ ಅವಳು ಅಡ್ಡ ಬಂದು ಬೆನ್ನು ಕೊಟ್ಟು ನಿಂತಳು.

"ತಪ್ಪು ತಿಳೀಬೇಡಿಮ್ಮ. ನಿಮ್ಮ ಯಜಮಾನ್ರು ನದಿ ನೀರಿನ ಅಳತೆ ಬರೆದ ಆ ಪುಸ್ತಕಗಳು ಆಫೀಸಿನ ಸ್ವತ್ತು. ನಾಳೆ ವರದಿ ಕಳಿಸ್ಬೇಕು."

ಪಕ್ಕದ ಕೋಣೆಯಲ್ಲಿ ಅವಳ ಗಂಡನನ್ನು ಮಲಗಿಸಿದ್ದರು. ನಿನ್ನೆ ನದಿಯಿಂದ ಬಂದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಆಗಿನಿಂದ ಮರಗಟ್ಟಿದ್ದ ಅವಳ ಮೈ ಈಗ ಧಗ್ಗೆಂದಿತು.

"ಇನ್ನೂ ಅವರನ್ನ ಮನೆಯಿಂದ ಎತ್ತಿಲ್ಲ, ಸಾರ್."

"ಎತ್ತಿದ್ಮೇಲೆ ಬಂದ್ರೆ ಮನೇಲಿ ಯಾರೂ ಇರಲ್ವಲ್ಲ."

ಅವನನ್ನು ನದಿಗೆ ಕರೆದೊಯ್ಯುತ್ತಿದ್ದ ದೋಣಿಯವ ಬಾಗಿಲಲ್ಲಿದ್ದವನು ಬಾಯಿ ಹಾಕಿದ. "ಇಷ್ಟು ವರ್ಷ ನದಿ ಕಡೆ ತಲೆಹಾಕದ ಸಾಹೇಬ್ರು ಇವತ್ತು ಮನೆವರೆಗೂ ಬಂದಿದ್ದಾರೆ. ಪುಣ್ಯವಂತ ನಮ್ಮಣ್ಣ."

ಅತ್ತೆ ಕೂತಲ್ಲಿಂದಲೇ ಗದರಿದರು. "ಕೊಟ್ಟು ಕಳಿಸೇ ಅತ್ಲಾಗೆ! ಆ ಪುಸ್ತಕಗಳೇ ನನ್ನ ಮಗನ್ನ ತಿಂದಿದ್ದು."

*

ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳೂ ದೋಣಿ ಹತ್ತಿದ್ದಳು. ಅವನು ಸೀಸೆಗೆ ನದಿಯ ನೀರು ತುಂಬಿ ಚೆಲ್ಲಿದ. ಮತ್ತೆ ತುಂಬಿ ಚೆಲ್ಲಿದ. ಮೂರನೆಯ ಸಲವೂ ಅದೇ.

"ತಲೆ ನೆಟ್ಟಗಿದೆಯಾ ನಿಮಗೆ?"

"ನಿನ್ನೆಯ ನೀರು ಒಂದು ಹನಿ ಉಳಿದ್ರೂ ಇವತ್ತಿನ ಉಪ್ಪು ಸುಳ್ಳಾಗುತ್ತೆ ಕಣೇ." ನಾಲ್ಕನೆಯ ಸಲ ತುಂಬಿ, ಉಪ್ಪು ಅಳೆಯುವ ಮೀಟರ್ ಅದ್ದಿ, ಅಂಕಿ ಬರೆದು, ಪಕ್ಕದಲ್ಲಿ ದೋಣಿಯವನ ಸಹಿ ಹಾಕಿಸಿದ. "ಮಗು ಹುಟ್ಟಿದ ಕೂಡಲೇ ತೂಕ ಬರೀತಾರಲ್ಲ, ಹಾಗೇ ಇದು. ಇಲ್ಲಿ ಕಾರ್ಖಾನೆ ಬರುತ್ತೆ. ಆಮೇಲೆ ನದಿ ಎಷ್ಟು ಕೆಟ್ಟಿತು ಅಂತ ಹೇಳೋಕೆ, ಮೊದಲು ಹೇಗಿತ್ತು ಅಂತ ಗೊತ್ತಿರಬೇಕಲ್ವಾ?"

ಕಾರ್ಖಾನೆ ಬಂತು. ನೀರಿನ ಉಪ್ಪು ಇಮ್ಮಡಿಯಾಯಿತು. ಹಿಂದೆಯೇ ಸಾಹೇಬರ ಆದೇಶ: ಹಳೆಯ ಅಂಕಿಗಳನ್ನು ಬಿಟ್ಟು ಈ ವರ್ಷದ್ದನ್ನೇ ಮೊದಲ ಅಳತೆ ಎಂದು ಹಿಡಿಯತಕ್ಕದ್ದು. ಅಂದರೆ ಕಾರ್ಖಾನೆ ಸುರಿದ ಉಪ್ಪೇ ನದಿಯ ಹುಟ್ಟುಗುಣ. ಅವನು ಊಟ ಬಿಟ್ಟ, ನಿದ್ದೆ ಬಿಟ್ಟ, ಪುಸ್ತಕಗಳನ್ನು ಬಿಟ್ಟುಕೊಡಲಿಲ್ಲ.

*

ಅವಳು ಬೀರು ತೆರೆದಳು. ಏಳು ಪುಸ್ತಕ. ಸಾಹೇಬರು ಎರಡೂ ಕೈ ಚಾಚಿದರು.

"ಕೊಡ್ತೀನಿ. ಮೊದಲು ಬರೆದುಕೊಡಿ."

"ಏನಂತ?"

"ಕಾರ್ಖಾನೆಗೂ ಮುಂಚಿನ ಅಳತೆ ಪುಸ್ತಕ, ಏಳು, ನನ್ನ ಕೈಸೇರಿದೆ ಅಂತ. ಕೆಳಗೆ ನಿಮ್ಮ ಸಹಿ. ಸಾಕ್ಷಿಗೆ ಇಷ್ಟು ಜನ ಇದ್ದೀವಲ್ಲ."

ಸಾಹೇಬರು ಪೆನ್ನು ತೆಗೆದರು. ಹಾಳೆಯ ಮೇಲೆ ಹಿಡಿದರು. ಬರೆದರೆ ಹಳೆಯ ಅಂಕಿಗಳು ಇದ್ದವೆಂದು ತಾವೇ ಒಪ್ಪಿದಂತೆ; ಬರೆಯಲಿಲ್ಲ.

"ಇಂಥ ದಿನ ಇದೆಲ್ಲ ಯಾಕಮ್ಮ..."

"ಇಂಥ ದಿನ ನೋಡ್ಕೊಂಡೇ ಬಂದೋರು ನೀವು!"

ಅತ್ತೆ ಗೋಡೆ ಹಿಡಿದು ಎದ್ದರು. ಮೇಲಿನ ಪುಸ್ತಕವನ್ನು ಸೊಸೆಯ ಕೈಯಿಂದ ಎಳೆದುಕೊಂಡರು. "ನನ್ನ ಮಗನ ಜೀವ ತಿಂದಿದ್ದು ಇದು. ಒಂದು ಸಹಿ ಹಾಕೋಕೆ ನಡುಗೋನ ಕೈಗೆ ಕೊಡ್ಲಾ?"

"ನನಗೊಂದು ಕೊಡಿ ಅತ್ತಿಗೆ," ಎಂದ ದೋಣಿಯವ. ಆಮೇಲೆ ಪಕ್ಕದ ಮನೆಯಾಕೆ ಕೈ ನೀಡಿದಳು. ಮತ್ತೆ ಯಾರೋ.

ಶವದ ಗಾಡಿ ಹೊರಟಿತು. ಅದರ ಹಿಂದೆ ಅಳುತ್ತ, ಮೂಗು ಒರೆಸಿಕೊಳ್ಳುತ್ತ, ಕಂಕುಳಲ್ಲಿ ಒಂದೊಂದು ಪುಸ್ತಕ ಅವುಚಿಕೊಂಡ ಏಳು ಜನ. ಸಾಹೇಬರು ಗೇಟಿನ ಬಳಿ ನಿಂತು, ಯಾವುದು ಯಾರ ಬಳಿ ಇದೆಯೆಂದು ಕತ್ತು ಚಾಚಿ ಎಣಿಸುತ್ತಿದ್ದರು.