ನಮ್ಮ ಗುಡ್ಡದ ನಾನೂರ ಹನ್ನೆರಡು ಮನೆ

ಅಮ್ಮಾನಿನಲ್ಲಿ ನಮ್ಮ ಗುಡ್ಡಕ್ಕೆ ನಲ್ಲಿ ನೀರು ವಾರಕ್ಕೊಂದೇ ದಿನ. ಅಂದು ಮೋಟರು ಹಾಕಿ ತಾರಸಿಯ ಟ್ಯಾಂಕು ತುಂಬಿಕೊಳ್ಳದವರು ಮುಂದಿನ ಸರದಿಯವರೆಗೆ ಬಾಯಿ ಬಾಯಿ ಬಿಡಬೇಕು. ಈ ಸಲ ಸರದಿ ಗುರುವಾರದಿಂದ ಮಂಗಳವಾರಕ್ಕೆ ಬದಲಾಗಿತ್ತು. ಅದನ್ನು ಮನೆಮನೆಗೆ ಮೆಸೇಜು ಕಳಿಸುವ ಪ್ರೋಗ್ರಾಮು ನನ್ನದು.

ಅದರಲ್ಲಿ ಒಂದರೊಳಗೊಂದು ಜನರೇಟರುಗಳಿದ್ದವು; ಕರೆಂಟಿನವಲ್ಲ, ಕೇಳಿದಾಗಲೆಲ್ಲ ಪಟ್ಟಿಯಿಂದ ಒಂದೊಂದನ್ನೇ ತೆಗೆದುಕೊಡುವ ಕೋಡಿನ ತುಣುಕುಗಳು. ಹೊರಗಿನದು ಒಂದೊಂದೇ ಬಡಾವಣೆ ಕೊಡುತ್ತದೆ; ಪ್ರತಿ ಬಡಾವಣೆಯೂ ಇನ್ನೊಂದು ಜನರೇಟರು, ಅದು ಒಂದೊಂದೇ ಮನೆಯ ನಂಬರು ಕೊಡುತ್ತದೆ. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ, ಹೊಸಬರಿಗೆ ಪಾಠ ಮಾಡುವವಳೇ ನಾನು.

ಆದರೂ ಸೋಮವಾರ, ನಮ್ಮವರು ಯಾರೂ ಬಿಟ್ಟುಹೋಗಬಾರದೆಂದು, ನಮ್ಮ ಗುಡ್ಡದ ಜನರೇಟರನ್ನು ಮಾತ್ರ ಪೂರ್ತಿ ಬಿಚ್ಚಿ ಪರದೆಗೆ ತರುವ ಕೋಡಿನ ಸಾಲೊಂದನ್ನು ಸೇರಿಸಿದೆ. ನಾನೂರ ಹನ್ನೆರಡು ಮನೆ, ಎಲ್ಲ ಸರಿಯಾಗಿತ್ತು. ನಾನು ಖಾಲ್ತೊ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕೆಳಮನೆಯ ಉಮ್ಮ್ ಗಸ್ಸಾನರ ನಂಬರನ್ನೂ ಕಣ್ಣಾರೆ ಕಂಡೆ. ಆ ಸಾಲನ್ನು ತೆಗೆಯದೆಯೇ ಪ್ರೋಗ್ರಾಮನ್ನು ಓಡಿಸಿದೆ. ನನಗೆ ತೋರಿಸಲೆಂದು ಆ ಸಾಲು ಎಲ್ಲ ನಂಬರನ್ನೂ ಪರದೆಗೆ ಸುರಿದು ಮುಗಿಸಿತ್ತಲ್ಲ, ಮೆಸೇಜು ಕಳಿಸುವ ಹೊತ್ತಿಗೆ ನಮ್ಮ ಗುಡ್ಡದಲ್ಲಿ ಒಂದು ಮನೆಯೂ ಉಳಿದಿರಲಿಲ್ಲ. ಖಾಲಿ ಜನರೇಟರು ಸಿಕ್ಕರೆ ಪ್ರೋಗ್ರಾಮಿನ ಭಾಷೆಯಾದ ಪೈಥಾನು ತಕರಾರು ತೆಗೆಯುವುದಿಲ್ಲ, ಸುಮ್ಮನೆ ಮುಂದಿನ ಬಡಾವಣೆಗೆ ಹೋಗುತ್ತದೆ. ಮಂಗಳವಾರ ನಮ್ಮ ಕಟ್ಟಡದಲ್ಲಿ ಮೋಟರು ಹಾಕಿದವಳು ನಾನೊಬ್ಬಳೇ.

ಗುರುವಾರ ನಲ್ಲಿಯಲ್ಲಿ ನೀರು ಬಾರದೆ ದೂರುಗಳು ಬಂದವು. ತಪ್ಪು ಎಲ್ಲಿದೆಯೆಂದು ಐದೇ ನಿಮಿಷದಲ್ಲಿ ಗೊತ್ತಾಯಿತು. ಯಾರಿಗೂ ಹೇಳದೆ ಆ ಸಾಲನ್ನು ಅಳಿಸಿದೆ. ಅಂಥ ಹೇಡಿ ನಾನು.

ಸಂಜೆ ಉಮ್ಮ್ ಗಸ್ಸಾನ್ ಬಕೆಟ್ ಹಿಡಿದು ನನ್ನ ಬಾಗಿಲಿಗೆ ಬಂದರು. ಗಂಡ ಹಾಸಿಗೆ ಹಿಡಿದು ಎರಡು ವರ್ಷ. ಅವರ ಮೈ ಒರೆಸಲೂ ನೀರಿಲ್ಲ. ಮೆಸೇಜು ಬಂದೇ ಇರುತ್ತದೆ, ತಾನೇ ಕೈತಪ್ಪಿ ಅಳಿಸಿರಬೇಕು ಎಂದು ಅವರ ನಂಬಿಕೆ.

“ಮಂಗಳವಾರ ನಿನ್ ಮೋಟರ್ ಸದ್ದು ಕೇಳಿಸ್ತು ಮಗಳೇ. ಆದ್ರೂ ಹೊಳೀಲಿಲ್ಲ ನೋಡು, ನನ್ ತಲೇಲಿ ಮಣ್ಣು ತುಂಬಿದೆ.”

ಬಕೆಟ್ ತುಂಬಿಸಿಕೊಟ್ಟು ಸುಮ್ಮನಿರಬಹುದಿತ್ತು. ನಾಚಿಕೆಯಿಂದ ಸತ್ತುಹೋಗುವಂತಾಯಿತು.

“ಖಾಲ್ತೊ, ಮೆಸೇಜ್ ಬರ್ಲೇ ಇಲ್ಲ. ತಪ್ಪು ನಂದು. ನಿಮ್ ನಂಬರ್ ಇದೆಯಾ ಅಂತ ನೋಡಕ್ಕೆ ಹೋಗಿ ನಾನೇ ಖಾಲಿ ಮಾಡ್ಬಿಟ್ಟೆ.”

ಅವರಿಗೆ ಎಷ್ಟು ಅರ್ಥವಾಯಿತೋ. ಬಕೆಟ್ ನನ್ನ ಕೈಗೆ ಕೊಟ್ಟರು.

“ಬಾ, ಇದನ್ನ ನಮ್ ಯಜಮಾನ್ರಿಗೂ ಹೇಳು,” ಎಂದರು. “ಬೆಳಗ್ಗಿಂದ ನನ್ನ ಬೈತಾ ಇದಾರೆ.”

ಅವರದೊಂದು, ನನ್ನದೊಂದು, ಎರಡು ಬಕೆಟ್ ತುಂಬಿಸಿಕೊಂಡು ಅವರ ಹಿಂದೆ ಇಳಿದೆ. ಅವರ ಮನೆಯಲ್ಲಿ ಹೇಳಿದ ಮೇಲೆ, ಇನ್ನೂ ನಾನೂರ ಹತ್ತು ಮನೆಗೆ ಹೇಳುವುದಿತ್ತು.