ಮುಚ್ಚಳದ ಒಳಗಿನ ಗೀರು

ಹರಾಜಿಗೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಗಡಿಯಾರ ರಿಪೇರಿಯವನು ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಎದುರಿನ ಮೇಜಿನ ಮೇಲೆ ಕೀಲಿ ಕೊಟ್ಟು ನಡೆಸುವ ಒಂದು ಕೈಗಡಿಯಾರ. ಅಂಥವು ಲೋಕದಲ್ಲಿ ಇರುವುದೇ ಹನ್ನೊಂದು. ಸುತ್ತ ನಿಂತ ಸಂಗ್ರಾಹಕರು ಕೊಕ್ಕರೆಗಳ ಹಾಗೆ ಕತ್ತು ಚಾಚಿದ್ದರು.

ಅದರ ಬಿಡಿಭಾಗಗಳಲ್ಲಿ ಒಂದೂ ಬದಲಾಗಿಲ್ಲ ಎಂದು ಹರಾಜಿನ ಪಟ್ಟಿಯಲ್ಲಿ ಬರೆದವಳು ಅವನ ಮಗಳು. ಈ ಹರಾಜು ಕಚೇರಿಗೆ ಸೇರಿ ಎರಡು ವರ್ಷಕ್ಕೆ ಅವಳ ಕೈಗೆ ಬಂದ ಮೊದಲ ದೊಡ್ಡ ಮಾಲು ಇದು. ಮಾರುವವರ ಹಳೆಯ ಕಾಗದಪತ್ರ ನಂಬಿ, ಮುಚ್ಚಳ ತೆಗೆಸದೆಯೇ ಬರೆದಿದ್ದಳು. ಅಪ್ಪನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಅಪ್ಪನ ಹೆಸರು ಹೇಳಿಕೊಂಡು ಮೇಲೆ ಬಂದವಳು ಅನ್ನಿಸಿಕೊಳ್ಳಬಾರದೆಂಬ ಹಟ ಅವಳಿಗೆ.

ಕಚೇರಿಯ ಪರೀಕ್ಷಕ ಬೆಳಿಗ್ಗೆ ಜ್ವರ ಬಂದು ಮಲಗಿದ್ದರಿಂದ ಇವನನ್ನು ಕರೆಸಿದ್ದರು. ಮಗಳ ಮಾಲನ್ನು ಅಪ್ಪನೇ ನೋಡುವುದು ಸರಿಯೇ ಎಂದು ಸಂಗ್ರಾಹಕರಲ್ಲಿ ಒಬ್ಬ ಕೊಂಕು ತೆಗೆದಾಗ, ಆ ಮನುಷ್ಯ ಹೆತ್ತ ಮಗಳಿಗಾಗಿಯೂ ಸುಳ್ಳು ಹೇಳುವವನಲ್ಲ ಎಂದು ಉಳಿದವರೇ ಅವನ ಬಾಯಿ ಮುಚ್ಚಿಸಿದ್ದರು.

ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಹಿಂದಿನ ಮುಚ್ಚಳ ಎಬ್ಬಿಸಿದ.

ಗಡಿಯಾರ ಬಿಚ್ಚಿದವನು ಮುಚ್ಚಳದ ಒಳಗೆ ತನ್ನ ಗುರುತನ್ನು ಗೀರಿಡುವುದು ಈ ಕಸುಬಿನ ರೂಢಿ. ಮುಂದೆ ಬಿಚ್ಚುವವನಿಗೆ ಅದೇ ಸುಳಿವು. ಇಲ್ಲಿ ಎರಡು ಗೀರು, ಒಂದು ಚುಕ್ಕೆ. ಅದು ಅವನದೇ ಗುರುತು. ಇಪ್ಪತ್ತೆರಡು ವರ್ಷದ ಹಿಂದೆ, ಹಲ್ಲು ಮುರಿದ ಚಕ್ರವೊಂದರ ಬದಲಿಗೆ ಹೊಸದನ್ನು ಒಂಬತ್ತು ದಿನ ಕೂತು ಕೈಯಲ್ಲೇ ಕೊರೆದು ಕೂರಿಸಿದ್ದ. ಹನ್ನೊಂದೂ ಹೊರಗಿನಿಂದ ಒಂದೇ ತರಹ; ಇದು ಆ ಗಡಿಯಾರವೇ ಎಂದು ಅವನಿಗೆ ಈಗಲೇ ತಿಳಿದದ್ದು. ಆಗ ಅದನ್ನು ನೋಡಿ ಹಿಗ್ಗಿದ್ದೇನು, ಈಗ ಅದೇ ಚಕ್ರ ಮಗಳು ಬರೆದದ್ದನ್ನು ಸುಳ್ಳು ಮಾಡಿತ್ತು.

ಮ್ಯಾನೇಜರ್ ಹೇಗಿದೆ ಎಂದು ಕೇಳಿದರು. ಮಗಳು ಅವರ ಹಿಂದೆ ನಿಂತಿದ್ದಳು.

"ಎಲ್ಲಾ ಮೊದಲಿನದೇ. ಸರಿಯಿದೆ," ಎಂದ.

ನಲವತ್ತು ವರ್ಷದ ಕಸುಬಿನಲ್ಲಿ ಮೊದಲ ಸುಳ್ಳು; ಅದು ಒಂದಿಷ್ಟೂ ತಡವರಿಸದೆ ಬಂದದ್ದು ಕಂಡು ಅವನಿಗೇ ಭಯವಾಯಿತು. ಅಷ್ಟರಲ್ಲಿ ಪ್ರಮಾಣಪತ್ರ ಮುಂದೆ ಬಂತು. ಅವನು ರುಜು ಹಾಕುವುದೂ ಆ ಗುರುತಿನಿಂದಲೇ. ಪೆನ್ನು ಕಾಗದಕ್ಕೆ ತಾಗಿತು, ಮುಂದೆ ಸರಿಯಲಿಲ್ಲ.

ಮಗಳು ನಿಂತುಹೋದ ಆ ಪೆನ್ನನ್ನು ನೋಡಿದಳು. ಮೆಲ್ಲಗೆ ಬಂದು ಭೂತಗನ್ನಡಿ ಎತ್ತಿಕೊಂಡಳು. ಅವನು ಸಟಕ್ಕನೆ ಮುಚ್ಚಳದ ಮೇಲೆ ಅಂಗೈ ಇಟ್ಟ.

"ಬಿಡು ಪುಟ್ಟಿ. ಸರಿಯಿದೆ ಅಂದ್ನಲ್ಲ."

"ಕೈ ತೆಗೀರಿ ಅಪ್ಪ."

ಅವನು ತೆಗೆದ. ಅವಳು ಚಕ್ರಗಳನ್ನೂ ಮುಚ್ಚಳದ ಒಳಗನ್ನೂ ತುಂಬ ಹೊತ್ತು ನೋಡಿದಳು. ಒಂದು ಚಕ್ರದ ಹಲ್ಲು ಮಾತ್ರ ಕೈಯಲ್ಲಿ ಕೊರೆದದ್ದು. ಆ ಎರಡು ಗೀರು, ಒಂದು ಚುಕ್ಕೆ ಇಲ್ಲದ ಪಾತ್ರೆಯಾಗಲಿ ಡಬ್ಬಿಯಾಗಲಿ ಅವರ ಮನೆಯಲ್ಲಿರಲಿಲ್ಲ.

ಅವಳು ಸಭೆಯ ಕಡೆ ತಿರುಗಿ, ಪಟ್ಟಿಯಲ್ಲಿ ಬರೆದದ್ದು ತಪ್ಪು, ಮುಚ್ಚಳ ತೆಗೆಸದೆ ಬರೆದದ್ದು ತಾನೇ, ಒಂದು ಚಕ್ರ ಬದಲಾಗಿದೆ ಎಂದಳು. ಗುಜುಗುಜು ಎದ್ದಿತು. ಅವಳ ಅಪ್ಪನ ಪರ ಮಾತಾಡಿದವರೇ ಈಗ ಅವನತ್ತ ನೋಡದೆ ಹೊರಟು ಹೋದರು. ಮ್ಯಾನೇಜರ್ ಗಡಿಯಾರವನ್ನು ಒಳಗೆ ಸಾಗಿಸಿ, ಅವಳ ಕಚೇರಿಯ ಗುರುತಿನ ಚೀಟಿಯನ್ನು ಕೇಳಿ ಪಡೆದರು.

ಹೊರಗೆ ಮೆಟ್ಟಿಲಿಳಿಯುತ್ತ ಅವನು ಅವಳನ್ನು ಬೈದ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪಾಪವೇನಿದ್ದರೂ ತನ್ನ ತಲೆಗಿರುತ್ತಿತ್ತು, ಕೈಯಾರೆ ಅನ್ನಕ್ಕೆ ಕಲ್ಲು ಹಾಕಿಕೊಂಡೆಯಲ್ಲ ಎಂದ.

"ಕೆಲಸ ಇನ್ನೊಂದು ಸಿಗುತ್ತೆ ಅಪ್ಪ. ಇನ್ಮೇಲೆ ನೀವು ಸರಿಯಿದೆ ಅಂದ್ರೆ, ನಾನು ಹೇಗೆ ನಂಬ್ಲಿ?"

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಮಗಳು ಪಕ್ಕದಲ್ಲಿ ಕೂರಲಿಲ್ಲ. ಎರಡು ಮೆಟ್ಟಿಲು ಕೆಳಗೆ ನಿಂತು ಕಾದಳು.